ಕಿವಿಯ ಬ್ಯಾಂಡೇಜ್ ತೋರಿಸಿದಿರಿ, ಸ್ಟಾರ್ ಕೌಂಟಿ ಎಲ್ಲಿ?
ಕನ್ನಡದ ಸುದ್ದಿ ಸಂಪಾದಕರಿಗೆ ಉಡುಪಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ನಮಸ್ಕಾರ. ಟಿವಿ, ಪತ್ರಿಕೆ, ಯೂಟ್ಯೂಬ್, ಹೀಗೆ ಕನ್ನಡದಲ್ಲಿ ಸುದ್ದಿ ಕೊಡುವ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಯಾರೊಬ್ಬರ ಹೆಸರು ಹಿಡಿದೂ ಅಲ್ಲ. ನಾನು ಉಡುಪಿಯವನು, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ಮಾಷ್ಟ್ರು. ಸರ್ಕಾರಿ ಮಾಷ್ಟ್ರು ಅಂದ ಮೇಲೆ ಎಲೆಕ್ಷನ್ ಡ್ಯೂಟಿ ತಪ್ಪಿದ್ದಲ್ಲ. ಮಸ್ಟರಿಂಗ್, ಬೂತು, ಸೀಲು, ಬಿದ್ದ ಓಟಿನ ಲೆಕ್ಕ ಬರೆಯುವ 17ಸಿ ಫಾರಂ ಇವೆಲ್ಲ ಕೈಗೆ ಹತ್ತಿದ ಕೆಲಸ. ಹಾಗಾಗಿ ಯಾವ ಚುನಾವಣೆ ಬಂದರೂ, ಅದು ನಮ್ಮದಿರಲಿ ಅಮೆರಿಕದ್ದಿರಲಿ, ನನಗೆ ಮೊದಲು ಬರುವ ಪ್ರಶ್ನೆ ಒಂದೇ: ಹೋದ ಸಲ ಇಲ್ಲಿದ್ದ ಓಟು ಈ ಸಲ ಎಲ್ಲಿಗೆ ಹೋಯಿತು?

2024ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಆ ಪ್ರಶ್ನೆಗೆ ನಿಮ್ಮಿಂದ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಚಿತ್ರಗಳು. ಟ್ರಂಪ್ ಎದುರು ನಿಂತ ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್ ಅವರ ಅಜ್ಜನ ಊರು ತಮಿಳುನಾಡಿನ ತುಳಸೇಂದ್ರಪುರಂನಲ್ಲಿ ಪೂಜೆ. ಟ್ರಂಪ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಜೆ.ಡಿ. ವ್ಯಾನ್ಸ್ ಹೆಂಡತಿ ಉಷಾ ಅವರ ಮೂಲ ಆಂಧ್ರ ಎಂಬ ಕಾರಣಕ್ಕೆ ಆ ಕಡೆಯಿಂದಲೂ ಒಂದು ನೇರಪ್ರಸಾರ. ಜ್ಯೋತಿಷಿಗಳ ಸಾಲು. ಟ್ರಂಪ್ ಕಿವಿಯ ಬ್ಯಾಂಡೇಜ್, ಟ್ರಂಪ್ ಕೈಯಲ್ಲಿ ಆಲೂಗಡ್ಡೆ ಫ್ರೈಸ್, ಟ್ರಂಪ್ ಕಸದ ಲಾರಿಯಲ್ಲಿ. ನವೆಂಬರ್ 6ರ ಮಧ್ಯಾಹ್ನದ ಹೊತ್ತಿಗೆ "ಟ್ರಂಪ್ ಸುನಾಮಿ" ಅಂತ ಕೆಂಪು ಅಕ್ಷರ. ಅಲ್ಲಿಗೆ ಮುಗಿಯಿತು.

ದೂರದ ದೇಶದ ಚುನಾವಣೆ, ಇಷ್ಟು ಸಾಕಲ್ವಾ ಅಂತ ನೀವು ಕೇಳಬಹುದು. ಸಾಲದು ಮಾರಾಯ್ರೆ. 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ 50 ಶೇಕಡಾ ಸುಂಕ ಬಿದ್ದಾಗ ಇಲ್ಲಿ ಗೇರುಬೀಜದವರೂ ಸೀಗಡಿ ರಫ್ತಿನವರೂ ತಲೆಗೆ ಕೈ ಹೊತ್ತರು. ಅದರ ಮರು ತಿಂಗಳು ಹೊಸ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಅಂದಾಗ ಮಣಿಪಾಲ, ಸುರತ್ಕಲ್‌ಗಳಲ್ಲಿ ಓದಿದ ಎಷ್ಟು ಮಕ್ಕಳ ಮನೆಯಲ್ಲಿ ಅವತ್ತು ರಾತ್ರಿ ಫೋನು ನಿಲ್ಲಲಿಲ್ಲವೋ. ಆ ತೀರ್ಮಾನ ಮಾಡಿದವರನ್ನು ಆರಿಸಿದ್ದು ಯಾರು, ಯಾಕೆ ಅಂತ ತಿಳಿಯುವುದು ನಮಗೆ ಹರಟೆಯ ವಿಷಯ ಅಲ್ಲ.

ಚಿತ್ರಗಳನ್ನು ತೋರಿಸಬೇಡಿ ಅಂತ ನಾನು ಹೇಳುವುದಿಲ್ಲ. ಅವು ಬೇಕು. ಆದರೆ ಚಿತ್ರ ಓಟು ತರುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದರ ಬಗ್ಗೆ ನನ್ನ ತಕರಾರು. ನನಗೆ ಕಂಡ ಮಟ್ಟಿಗೆ ಹೆಚ್ಚಿನ ಸಲ ಓಟು ಮೊದಲೇ ಹೊರಟಿರುತ್ತದೆ. ಹೊರಟವನಿಗೆ ಹೇಳಿಕೊಳ್ಳಲು ಒಂದು ನೆಪ, ಒಂದು ಧೈರ್ಯ ಬೇಕಾಗಿರುತ್ತದೆ. ಸಂಕೇತ ಅದನ್ನು ಕೊಡುತ್ತದೆ.

ಫ್ರೈಸ್ ಪ್ರಸಂಗವನ್ನೇ ನೋಡಿ. 2024ರ ಅಕ್ಟೋಬರ್ 20. ಪೆನ್ಸಿಲ್ವೇನಿಯಾ ರಾಜ್ಯದ ಬಕ್ಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಒಂದು ಮೆಕ್‌ಡೊನಾಲ್ಡ್ಸ್. ಟ್ರಂಪ್ ಕೋಟು ಕಳಚಿದರು. ಬಿಳಿ ಅಂಗಿ, ಕೆಂಪು ಟೈ ಹಾಗೇ ಇತ್ತು. ಅದರ ಮೇಲೆ ಕಪ್ಪು ಏಪ್ರನ್ ಕಟ್ಟಿಕೊಂಡರು. ಬುಟ್ಟಿಯನ್ನು ಎಣ್ಣೆಗೆ ಇಳಿಸಿದರು, ಎತ್ತಿದರು, ಉಪ್ಪು ಹಾಕಿದರು, ಸೌಟಿನಂಥ ಸಾಧನದಲ್ಲಿ ಪೊಟ್ಟಣಕ್ಕೆ ತುಂಬಿದರು. ಆಮೇಲೆ ಕಿಟಕಿಗೆ ಬಂದು ಕಾರಿನಲ್ಲಿದ್ದವರಿಗೆ ಕೊಟ್ಟರು. ಅಂಗಡಿ ಅವತ್ತು ಸಾರ್ವಜನಿಕರಿಗೆ ಬಂದ್ ಆಗಿತ್ತು. ಕಿಟಕಿಗೆ ಬಂದ ಕಾರುಗಳು ಮೊದಲೇ ತಪಾಸಣೆಯಾಗಿ ಬಂದವು. ಎಲ್ಲರಿಗೂ ಗೊತ್ತಿದ್ದ ನಾಟಕ. ಹ್ಯಾರಿಸ್ ತಾನು ಕಾಲೇಜು ದಿನಗಳಲ್ಲಿ ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ ಮಾಡಿದ್ದೆ ಅಂದಿದ್ದರು, ಅದು ಸುಳ್ಳು ಎಂದು ಛೇಡಿಸುವುದಕ್ಕೇ ಇಷ್ಟೆಲ್ಲ.

ಬಕ್ಸ್ ಕೌಂಟಿ ಆ ಸಲ ತೀರಾ ಸಣ್ಣ ಅಂತರದಲ್ಲಿ ಟ್ರಂಪ್ ಕಡೆ ಬಿತ್ತು. 1988ರ ನಂತರ ಅಲ್ಲಿ ಯಾವ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿಯೂ ಗೆದ್ದಿರಲಿಲ್ಲ. ಹಾಗಾದರೆ ಫ್ರೈಸ್ ಗೆಲ್ಲಿಸಿತಾ? ಅದೇ ಹೊತ್ತಿಗೆ ಫ್ರೈಸ್ ಕರಿಯದ ನೂರಾರು ಕೌಂಟಿಗಳೂ ಅದೇ ದಿಕ್ಕಿಗೆ ವಾಲಿದ್ದವು. 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ 9.1 ಶೇಕಡಾ ಮುಟ್ಟಿತ್ತು, ನಲವತ್ತು ವರ್ಷಗಳಲ್ಲೇ ಅತಿ ಹೆಚ್ಚು. ಆಮೇಲೆ ಏರಿಕೆಯ ವೇಗ ಇಳಿಯಿತು, ಬೆಲೆ ಇಳಿಯಲಿಲ್ಲ. ಅಂಗಡಿಗೆ ಹೋಗಿ ಮೊಟ್ಟೆ, ಬ್ರೆಡ್ಡು ತರುವವನಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ಮತದಾನದ ದಿನ ನಡೆದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮತದಾರರು ದೇಶದ ಆರ್ಥಿಕತೆ ಚೆನ್ನಾಗಿಲ್ಲ ಅಂದಿದ್ದರು. ಅಂಥವರ ಎದುರು ಒಬ್ಬ ಕೋಟ್ಯಧಿಪತಿ ಏಪ್ರನ್ ಕಟ್ಟಿ ನಿಂತಾಗ ಅವರು ನಕ್ಕರು. ನಗುತ್ತಲೇ "ಇವ ನಮ್ಮ ಕಡೆಯವ" ಅಂತ ಹೇಳಿಕೊಳ್ಳಲು ಒಂದು ದಾರಿ ಸಿಕ್ಕಿತು.

ಇದು ಹೊಸ ಆಟವೂ ಅಲ್ಲ. 1840ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಸ್ಪರ್ಧಿಸಿದಾಗ ಎದುರಾಳಿ ಪಕ್ಷದ ಪತ್ರಿಕೆಯೊಂದು ಕೊಂಕು ನುಡಿಯಿತು: ಇವನಿಗೆ ಒಂದು ಪೀಪಾಯಿ ಸೇಬಿನ ಹೆಂಡ ಮತ್ತು ಒಂದಿಷ್ಟು ಪಿಂಚಣಿ ಕೊಟ್ಟರೆ ಮರದ ದಿಮ್ಮಿಯ ಗುಡಿಸಿಲಲ್ಲಿ ಸುಮ್ನೆ ಬಿದ್ದಿರುತ್ತಾನೆ ಅಂತ. ಹ್ಯಾರಿಸನ್ ಕಡೆಯವರು ಆ ಕೊಂಕನ್ನೇ ಎತ್ತಿಕೊಂಡರು. ಊರೂರಿಗೆ ಗಾಡಿಯ ಮೇಲೆ ದಿಮ್ಮಿಯ ಗುಡಿಸಿಲು ಬಂತು, ಹೆಂಡವೂ ಬಂತು. ಅಸಲಿಗೆ ಆತ ವರ್ಜೀನಿಯಾದ ದೊಡ್ಡ ಜಮೀನ್ದಾರನ ಮಗ, ಅಪ್ಪ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬ. ಎದುರಿಗಿದ್ದ ವ್ಯಾನ್ ಬ್ಯೂರನ್ ಹೆಂಡದಂಗಡಿ ನಡೆಸುತ್ತಿದ್ದವನ ಮಗ. ಜನರ ತಲೆಯಲ್ಲಿ ಮಾತ್ರ ಉಲ್ಟಾ ಕೂತಿತು. ರಾಜ್ಯವಾರು ಸಿಗುವ ಎಲೆಕ್ಟೋರಲ್ ಓಟು ಹ್ಯಾರಿಸನ್‌ಗೆ 234, ವ್ಯಾನ್ ಬ್ಯೂರನ್‌ಗೆ 60. ಇಷ್ಟು ಎಲ್ಲರೂ ಹೇಳುತ್ತಾರೆ. 1837ರಲ್ಲೇ ಬ್ಯಾಂಕುಗಳು ಕುಸಿದು ಬಿದ್ದು, ಜನ ಕೆಲಸ ಕಳಕೊಂಡು, ಅಧಿಕಾರದಲ್ಲಿದ್ದವನ ಮೇಲೆ ಸಿಟ್ಟು ಮಡುಗಟ್ಟಿತ್ತು ಎಂಬುದನ್ನು ಕಡಿಮೆ ಮಂದಿ ಹೇಳುತ್ತಾರೆ. (ಪಾಪ, ಹ್ಯಾರಿಸನ್ ಅಧಿಕಾರಕ್ಕೆ ಬಂದು ಒಂದೇ ತಿಂಗಳಿಗೆ ತೀರಿಕೊಂಡ. ಅದು ಬೇರೆ ಕಥೆ.)

ಈಗ ಸ್ಟಾರ್ ಕೌಂಟಿಗೆ ಬರುತ್ತೇನೆ. ಟೆಕ್ಸಸ್‌ನ ದಕ್ಷಿಣ ತುದಿ, ರಿಯೊ ಗ್ರಾಂಡೆ ನದಿ ದಾಟಿದರೆ ಮೆಕ್ಸಿಕೊ. ಅಲ್ಲಿನವರು ಬಹುತೇಕ ಎಲ್ಲರೂ ಹಿಸ್ಪಾನಿಕ್ ಮೂಲದವರು. ಶತಮಾನಕ್ಕೂ ಮೀರಿ ಆ ಕೌಂಟಿ ಡೆಮಾಕ್ರಟಿಕ್ ಪಕ್ಷದ್ದು. 2012ರಲ್ಲಿ ಒಬಾಮಾಗೆ ಸುಮಾರು 86 ಶೇಕಡಾ, 2016ರಲ್ಲಿ ಹಿಲರಿಗೆ 79, 2020ರಲ್ಲಿ ಬೈಡನ್‌ಗೆ 52. 2024ರಲ್ಲಿ ಹ್ಯಾರಿಸ್‌ಗೆ ಸುಮಾರು 42, ಟ್ರಂಪ್‌ಗೆ 58ರ ಹತ್ತಿರ. 1892ರ ನಂತರ ಅಲ್ಲಿ ರಿಪಬ್ಲಿಕನ್ ಗೆದ್ದದ್ದು ಅದೇ ಮೊದಲು. ಈ ಅಂಕಿಗಳನ್ನು ಸಾವಕಾಶ ನೋಡಿ. ದೊಡ್ಡ ಜಾರು 2016 ಮತ್ತು 2020ರ ನಡುವೆ. ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿ ಕಿವಿಗೆ ತಾಗಿದ್ದು 2024ರ ಜುಲೈ 13. ಮುಖದ ಮೇಲೆ ರಕ್ತ, ಎತ್ತಿದ ಮುಷ್ಟಿ, ಹಿಂದೆ ಬಾವುಟ, ಆ ಫೋಟೊ ಹುಟ್ಟುವ ನಾಲ್ಕು ವರ್ಷ ಮೊದಲೇ ಸ್ಟಾರ್ ಕೌಂಟಿಯ ಓಟು ಮನೆ ಬಿಟ್ಟು ಹೊರಟಿತ್ತು. ಟ್ರಂಪ್ ಗಡಿಗೆ ಗೋಡೆ ಕಟ್ಟುತ್ತೇನೆ ಅನ್ನುವವರು, ಗಡಿಯ ಹಿಸ್ಪಾನಿಕ್ ಜನ ಅವರಿಗೆ ಓಟು ಹಾಕುವುದುಂಟಾ ಅಂತ ಎಲ್ಲರೂ ಕೇಳುತ್ತಿದ್ದರು. ಆ ಜನ ತಮ್ಮನ್ನು ತಾವು ಹೇಗೆ ನೋಡಿಕೊಳ್ಳುತ್ತಾರೆ ಅಂತ ಕೇಳಿದವರು ಕಡಿಮೆ.

ಉಲ್ಟಾ ಉದಾಹರಣೆಯೂ ಇದೆ. ಚುನಾವಣೆಗೆ ಹತ್ತು ದಿನವೂ ಇಲ್ಲ ಅನ್ನುವಾಗ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಟ್ರಂಪ್ ಸಭೆ. ವೇದಿಕೆ ಮೇಲೆ ಒಬ್ಬ ಹಾಸ್ಯಗಾರ ಅಮೆರಿಕದ ಅಧೀನದಲ್ಲಿರುವ ಪೋರ್ಟೊರಿಕೊ ದ್ವೀಪವನ್ನು ತೇಲುವ ಕಸ ಅಂದ. ಇನ್ನು ಟ್ರಂಪ್ ಕಥೆ ಮುಗಿಯಿತು, ಪೋರ್ಟೊರಿಕೊ ಮೂಲದವರು ಬಿಡುವುದಿಲ್ಲ ಅಂತ ನಿಮ್ಮ ಸ್ಟುಡಿಯೋಗಳಲ್ಲೂ ಮಾತು ಬಂತು. ಆಮೇಲೆ ಬೈಡನ್ ಬಾಯಿ ತಪ್ಪಿ ಟ್ರಂಪ್ ಬೆಂಬಲಿಗರನ್ನೇ ಕಸ ಅಂದಂತಾಯಿತು, ಅದಕ್ಕೆ ಟ್ರಂಪ್ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಕಸದ ಲಾರಿ ಏರಿದರು. ಫಲಿತಾಂಶ? ಫ್ಲಾರಿಡಾದ ಆಸಿಯೋಲ ಕೌಂಟಿಯಲ್ಲಿ ಪೋರ್ಟೊರಿಕೊ ಮೂಲದವರು ಬಹಳ ಜಾಸ್ತಿ. 2020ರಲ್ಲಿ ಬೈಡನ್ ಗೆದ್ದಿದ್ದ ಆ ಕೌಂಟಿ 2024ರಲ್ಲಿ ಟ್ರಂಪ್ ಪಾಲಾಯಿತು.

ಸಂಕೇತ ಕೊಡದೆ ಇದ್ದರೂ ಪೆಟ್ಟು ಬೀಳುತ್ತದೆ, ಅದನ್ನೂ ಹೇಳಬೇಕು. ಮಿಷಿಗನ್‌ನ ಡಿಯರ್‌ಬಾರ್ನ್ ನಗರದಲ್ಲಿ ಅರಬ್ ಮೂಲದವರೇ ಹೆಚ್ಚು. ಗಾಜಾ ಯುದ್ಧದಿಂದ ಅವರು ಕುದಿಯುತ್ತಿದ್ದರು. ಆಗಸ್ಟ್‌ನ ಡೆಮಾಕ್ರಟಿಕ್ ಸಮಾವೇಶದ ವೇದಿಕೆಯಲ್ಲಿ ಪ್ಯಾಲೆಸ್ತೀನ್ ಮೂಲದ ಒಬ್ಬರಿಗೆ ಮಾತಾಡಲು ಅವಕಾಶ ಕೊಡಿ ಅಂತ ಕೇಳಿದರು. ಕೊಡಲಿಲ್ಲ. ನವೆಂಬರ್ 1ಕ್ಕೆ ಟ್ರಂಪ್ ಡಿಯರ್‌ಬಾರ್ನ್‌ಗೆ ಹೋಗಿ ಬಂದರು. ಅಲ್ಲಿ ಟ್ರಂಪ್‌ಗೆ 42, ಹ್ಯಾರಿಸ್‌ಗೆ 36, ಹಸಿರು ಪಕ್ಷದ ಜಿಲ್ ಸ್ಟೈನ್‌ಗೆ 18 ಶೇಕಡಾ. ನಾಲ್ಕು ವರ್ಷ ಹಿಂದೆ ಬೈಡನ್‌ಗೆ ಅಲ್ಲಿ ಭಾರಿ ಬಹುಮತ ಇತ್ತು. ವೇದಿಕೆಯ ಕೆಲವು ನಿಮಿಷಗಳಿಂದ ಯುದ್ಧ ನಿಲ್ಲುತ್ತಿರಲಿಲ್ಲ, ನಿಜ. ಸಿಟ್ಟು ಮೊದಲೇ ಇತ್ತು. ಬಾಗಿಲು ಹಾಕಿದ್ದು ಆಮೇಲೆ.

"ಸುನಾಮಿ" ಬಗ್ಗೆ ಎರಡು ಮಾತು. ಎಲೆಕ್ಟೋರಲ್ ಓಟು ಗೆದ್ದವರಿಗೆ 312, ಸೋತವರಿಗೆ 226, ಏಳೂ ನಿರ್ಣಾಯಕ ರಾಜ್ಯ ಗೆದ್ದವರಿಗೇ. ಪರದೆ ಮೇಲೆ ಸುನಾಮಿಯಂತೆ ಕಾಣುವುದು ಸಹಜ. ಜನರ ಓಟಿನಲ್ಲಿ 49.8 ಮತ್ತು 48.3 ಶೇಕಡಾ. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರರ ಅಂತರ ಕೂಡಿಸಿದರೆ ಸುಮಾರು 2 ಲಕ್ಷ 30 ಸಾವಿರ ಓಟು. ನಮ್ಮ ಒಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಷ್ಟು! ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಜಾರ್ಜಿಯಾದಲ್ಲಿ, ವಿಸ್ಕಾನ್ಸಿನ್‌ನಲ್ಲಿ ಹ್ಯಾರಿಸ್‌ಗೆ 2020ರ ಬೈಡನ್‌ಗಿಂತ ಜಾಸ್ತಿ ಓಟು ಬಿದ್ದಿದೆ. ಆದರೂ ಸೋತರು, ಯಾಕೆಂದರೆ ಟ್ರಂಪ್‌ಗೆ ಅದಕ್ಕಿಂತಲೂ ಜಾಸ್ತಿ ಹೊಸ ಓಟು ಬಂತು. ನ್ಯೂಯಾರ್ಕ್, ನ್ಯೂಜೆರ್ಸಿಯಂಥ ಡೆಮಾಕ್ರಟಿಕ್ ಪಕ್ಷದ ಭದ್ರ ರಾಜ್ಯಗಳಲ್ಲಿ ಕಥೆ ಬೇರೆ. ಅಲ್ಲಿ ಹಳೇ ಬೆಂಬಲಿಗರು ಎಷ್ಟೋ ಮಂದಿ ಮನೆಯಲ್ಲೇ ಕೂತರು. ನ್ಯೂಜೆರ್ಸಿಯಲ್ಲಿ 16 ಅಂಶ ಇದ್ದ ಅಂತರ 6ಕ್ಕೆ ಇಳಿಯಿತು. ಪಕ್ಷ ಬದಲಿಸಿದವ, ಮನೆಯಲ್ಲಿ ಕೂತವ, ಮೊದಲ ಸಲ ಬಂದವ, ಈ ಮೂವರೂ ಬೇರೆ ಬೇರೆ ಜನ. "ಮತದಾರ ಕೈಕೊಟ್ಟ" ಎಂಬ ಒಂದೇ ಸಾಲಿನಲ್ಲಿ ಮೂವರನ್ನೂ ತುರುಕುತ್ತೀರಿ.

ಮತ್ತೆ ನಮ್ಮವರು. ಹ್ಯಾರಿಸ್ ನಮ್ಮ ಮನೆಮಗಳು, ಭಾರತೀಯರೆಲ್ಲ ಅವರಿಗೇ ಹಾಕುತ್ತಾರೆ ಅಂತ ನೀವು ಹೇಳಿದಿರಿ. ಕಾರ್ನೆಗಿ ಸಂಸ್ಥೆ ಚುನಾವಣೆಗೆ ಮುಂಚೆ ಮಾಡಿದ ಸಮೀಕ್ಷೆಯಲ್ಲಿ ಅಲ್ಲಿನ ಭಾರತೀಯ ಮೂಲದವರಲ್ಲಿ ಹ್ಯಾರಿಸ್ ಕಡೆ ಇದ್ದವರು 61 ಶೇಕಡಾ. ಅದೇ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಬೈಡನ್ ಕಡೆ 68 ಇತ್ತು. ಟ್ರಂಪ್ ಕಡೆ 22 ಇದ್ದದ್ದು 30 ದಾಟಿತು. ಅಂದರೆ ತಾಯಿ ಚೆನ್ನೈಯವರಾದ ಅಭ್ಯರ್ಥಿ ನಿಂತ ವರ್ಷವೇ ಭಾರತೀಯ ಮೂಲದ ಓಟು ಆಚೆ ಕಡೆ ಜರುಗಿತು. ಅದರಲ್ಲೂ ಎಳೆ ಪ್ರಾಯದ ಗಂಡಸರು. ತುಳಸೇಂದ್ರಪುರಂನ ಪೂಜೆಗಿಂತ ಇದು ದೊಡ್ಡ ಸುದ್ದಿ ಅಲ್ವಾ?

ಇಷ್ಟೆಲ್ಲ ಕರಾವಳಿಯವನೊಬ್ಬ ಯಾಕೆ ಹೇಳಬೇಕು? ನಮ್ಮಲ್ಲೂ ಇದೇ ನಡೆದಿದೆ, ಹಾಗಾಗಿ. ಇಲ್ಲಿ ಪ್ರಚಾರಕ್ಕೆ ಯಾವ ದೊಡ್ಡ ನಾಯಕ ಬಂದರೂ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಡುತ್ತಾರೆ. ಮಲ್ಪೆಯಲ್ಲಿ ದೋಣಿ ಹತ್ತಿಸುತ್ತಾರೆ, ಕಂಬಳದ ಗದ್ದೆ ಬದಿಯಲ್ಲಿ ಕೋಣದ ಹಗ್ಗ ಹಿಡಿಸುತ್ತಾರೆ. ಕೆಲವರ ತಲೆಗೆ ಮುಟ್ಟಾಳೆ ಕೂರುತ್ತದೆ, ಕೆಲವರಿಗೆ ಕಿವಿ ತನಕ ಇಳಿದು ಫೋಟೊದಲ್ಲಿ ನಗೆಪಾಟಲು. ಯಾರೂ ಮುಟ್ಟಾಳೆ ನೋಡಿ ಓಟು ಹಾಕುವುದಿಲ್ಲ ಅಂತ ನಮ್ಮ ಬೂತ್ ಹುಡುಗರಿಗೆ ಚೆನ್ನಾಗಿ ಗೊತ್ತು. ಎಣಿಕೆ ದಿನ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ತಂತಿ ಬಲೆಯ ಈಚೆ ಕೂತ ಏಜೆಂಟರನ್ನು ನೋಡಬೇಕು. ಆಚೆ ಕಡೆ ಕಂಟ್ರೋಲ್ ಯೂನಿಟ್‌ನ ಬಟನ್ ಒತ್ತುತ್ತಾರೆ, ಅಂಕಿ ಬರುತ್ತದೆ. ಇವರು ಮಡಿಲಲ್ಲಿ ಹಾಳೆ ಇಟ್ಟುಕೊಂಡು ಬೂತ್ ನಂಬರಿನ ಎದುರು ಗೀಚುತ್ತಾರೆ. ಪಕ್ಕದಲ್ಲಿ ಹೋದ ಸಲದ ಅಂಕಿ ಮೊದಲೇ ಬರೆದಿರುತ್ತದೆ. ಮೂರು ಬೂತ್ ಆಗುವಷ್ಟರಲ್ಲಿ ಒಬ್ಬ ಎದ್ದು ಹೊರಗೆ ಹೋಗಿ ಫೋನ್ ಮಾಡುತ್ತಾನೆ: "ಇಲ್ಲಿ ಒಡೆದಿದೆ ಅಣ್ಣ." ನಿಮ್ಮ ಪರದೆ ಮೇಲೆ ಇನ್ನೂ "ಭಾರಿ ಪೈಪೋಟಿ" ಅಂತ ಓಡುತ್ತಿರುತ್ತದೆ.

ದಕ್ಷಿಣ ಕನ್ನಡದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ 2013ರಲ್ಲಿ ಕಾಂಗ್ರೆಸ್ ಏಳು ಗೆದ್ದಿತ್ತು. 2018ರಲ್ಲಿ ಬಿಜೆಪಿ ಏಳು ಗೆದ್ದಿತು. ಐದು ವರ್ಷದಲ್ಲಿ ಪೂರ್ತಿ ಮಗುಚಿತು. ಕರಾವಳಿಯ ಜನ ಹೀಗೆಯೇ, ಇವರು ಹುಟ್ಟಾ ಆ ಪಕ್ಷ ಅಂತ ನೀವು ಬಣ್ಣ ಬಳಿಯುವಾಗ ನನಗೆ ಈ ಎರಡು ವರ್ಷ ನೆನಪಾಗುತ್ತವೆ.

ಅದಕ್ಕಿಂತ ಹಿಂದಿನ ಕಥೆ ಇನ್ನೂ ಆಳ. 1974ರ ಭೂಸುಧಾರಣೆಯಲ್ಲಿ ಇಲ್ಲಿ ಸಾವಿರಾರು ಗೇಣಿ ಒಕ್ಕಲಿನವರು ಡಿಕ್ಲರೇಶನ್ ಕೊಟ್ಟು ಜಾಗ ಮಾಡಿಕೊಂಡರು. ಆ ತಲೆಮಾರಿಗೆ ಇಂದಿರಾ, ದೇವರಾಜ ಅರಸು ಅಂದರೆ ಗೋಡೆಯ ಮೇಲಿನ ಫೋಟೊ. ಕಾಂಗ್ರೆಸ್ಸಿನ ಜನಾರ್ದನ ಪೂಜಾರಿಯವರ ಸಾಲಮೇಳವೂ ಹಾಗೇ ಮನೆಮನೆಯ ಮಾತಾಗಿತ್ತು. ಅವರು ಮಂಗಳೂರು ಲೋಕಸಭಾ ಕ್ಷೇತ್ರವನ್ನು 1977ರಿಂದ ಸತತ ನಾಲ್ಕು ಸಲ ಗೆದ್ದವರು. 1991ರಲ್ಲಿ ಬಿಜೆಪಿಯ ಧನಂಜಯ ಕುಮಾರ್ ಎದುರು ಸೋತರು. ಅಲ್ಲಿಂದ ಆ ಕ್ಷೇತ್ರ ಬಿಜೆಪಿ ಕೈ ಬಿಟ್ಟಿಲ್ಲ. ರಾಮಮಂದಿರದ ಇಟ್ಟಿಗೆ, ರಥ ಎಂಬ ಸಂಕೇತಗಳ ಕಾಲ ಅದು, ಒಪ್ಪುತ್ತೇನೆ. ಆದರೆ ಜಾಗ ಸಿಕ್ಕಿದವನ ಮಗ ಆ ಹೊತ್ತಿಗೆ ಮುಂಬೈಗೋ ಗಲ್ಫಿಗೋ ಹೋಗಿದ್ದ, ಇಲ್ಲ ಬ್ಯಾಂಕಿಗೆ ಸೇರಿದ್ದ. ಅಪ್ಪನಿಗೆ ಜಾಗ ಕೊಟ್ಟ ಪಕ್ಷದ ಋಣ ಅವನ ಲೆಕ್ಕದಲ್ಲಿ ಇರಲಿಲ್ಲ. ಅವನಿಗೆ ಬೇರೆ ಗುರುತು ಬೇಕಿತ್ತು. ಅಮೆರಿಕದಲ್ಲಿ ಯೂನಿಯನ್ ಕಾರ್ಮಿಕರ ಮಕ್ಕಳು ಅಪ್ಪನ ಪಕ್ಷ ಬಿಟ್ಟದ್ದನ್ನು ಅರ್ಥ ಮಾಡಿಕೊಳ್ಳಲು ಬೆಳ್ತಂಗಡಿ, ಬೈಂದೂರು ಕಡೆಯ ಒಂದು ಮನೆಯ ಮೂರು ತಲೆಮಾರು ಸಾಕು. ಒಬಾಮಾಗೆ ಎರಡು ಸಲ ಓಟು ಹಾಕಿ 2016ರಲ್ಲಿ ಟ್ರಂಪ್‌ಗೆ ಹಾಕಿದ 200ಕ್ಕೂ ಹೆಚ್ಚು ಕೌಂಟಿಗಳಿವೆ. ಅವರನ್ನು ಬರೀ ಮೂರ್ಖರು ಅಥವಾ ಜನಾಂಗದ್ವೇಷಿಗಳು ಅಂದವರಿಗೆ ಇಂಥ ಮನೆಗಳ ಪರಿಚಯ ಇಲ್ಲ.

ನನ್ನ ವಾದಕ್ಕೆ ಒಗ್ಗದ ಒಂದು ಸಂಗತಿಯನ್ನೂ ಇಡುತ್ತೇನೆ, ಇಲ್ಲದಿದ್ದರೆ ಮೋಸವಾದೀತು. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಸಂಕೇತವೇ ಓಟು ಎಳೆದು ತಂದದ್ದುಂಟು. 2022ರಲ್ಲಿ ದ್ರೌಪದಿ ಮುರ್ಮು ನಿಂತಾಗ ಜಾರ್ಖಂಡ್ ಮುಕ್ತಿ ಮೋರ್ಚಾ ಅಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ನಡೆಸುತ್ತಿತ್ತು. ಆದರೂ ಓಟು ಮುರ್ಮು ಅವರಿಗೆ. ಸಂತಾಲ ಹೆಣ್ಣುಮಗಳ ವಿರುದ್ಧ ಓಟು ಹಾಕಿ ಆ ಪಕ್ಷದವರು ತಮ್ಮ ಹಳ್ಳಿಗೆ ಹೇಗೆ ಹೋಗುತ್ತಾರೆ? ಆದರೆ ಇಲ್ಲಿ ಮತದಾರರು ಶಾಸಕರು, ಸಂಸದರು. ನಾಳೆ ಜನರ ಮುಖ ನೋಡಬೇಕಾದವನು ಸಂಕೇತಕ್ಕೆ ಹೆದರುತ್ತಾನೆ. 1969ರಲ್ಲಿ ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಪಕ್ಷದ ರಾಷ್ಟ್ರಪತಿ ಅಭ್ಯರ್ಥಿಯಾಗಿ ನೀಲಂ ಸಂಜೀವ ರೆಡ್ಡಿ ಹೆಸರು ತೀರ್ಮಾನವಾಗಿ, ಆಮೇಲೆ ಇಂದಿರಾ "ಆತ್ಮಸಾಕ್ಷಿ ಓಟು" ಅಂದು, ಇಂದಿರಾ ಒಲವಿದ್ದ ವಿ.ವಿ. ಗಿರಿ ಎರಡನೇ ಪ್ರಾಶಸ್ತ್ಯದ ಎಣಿಕೆಯಲ್ಲಿ ದಾಟಿದರಲ್ಲ, ಅಲ್ಲೂ ಹೆಸರು ಆತ್ಮಸಾಕ್ಷಿಯದು, ಜಗಳ ಪಕ್ಷ ಯಾರ ಕೈಯಲ್ಲಿರಬೇಕು ಎಂಬುದು. ಪರದೆಯ ಹಿಂದೆ ಕೂತು ಒಬ್ಬನೇ ಬಟನ್ ಒತ್ತುವ ಸಾಮಾನ್ಯ ಮತದಾರನಿಗೆ ಆ ಹೆದರಿಕೆ ಇಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. 2028ರ ನವೆಂಬರ್‌ನಲ್ಲಿ ಮತ್ತೆ ಅಮೆರಿಕ ಅಧ್ಯಕ್ಷರ ಚುನಾವಣೆ. ಜ್ಯೋತಿಷಿಗೆ ಕೊಡುವ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ತೆಗೆದು ಒಂದು ಕೌಂಟಿಗೆ ಕೊಡಿ. ಸ್ಟಾರ್ ಆದೀತು, ಬಕ್ಸ್ ಆದೀತು. ಕಳೆದ ನಾಲ್ಕು ಚುನಾವಣೆಯ ಅಂಕಿ ಪರದೆ ಮೇಲೆ ಹಾಕಿ. ಅಂಕಿಗಳು ಎಲ್ಲರಿಗೂ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಆ ರಾಜ್ಯದಲ್ಲಿರುವ ಕನ್ನಡದವರೊಬ್ಬರಿಗೆ ಫೋನ್ ಮಾಡಿ, ಮೊಟ್ಟೆಗೆ ಎಷ್ಟು, ಮನೆ ಬಾಡಿಗೆ ಎಷ್ಟು, ಪಕ್ಕದ ಮನೆಯವರು ಹೋದ ಸಲ ಯಾರಿಗೆ ಹಾಕಿದ್ದರು ಅಂತ ಕೇಳಿ. ಆಮೇಲೆ ಬೇಕಿದ್ದರೆ ಏಪ್ರನ್, ಬ್ಯಾಂಡೇಜ್, ಟೊಪ್ಪಿ ಎಲ್ಲ ತೋರಿಸಿ. ಆಗ ಅವುಗಳಿಗೂ ಅರ್ಥ ಬರುತ್ತದೆ.

ಅಷ್ಟು ದೂರ ಬೇಡ ಅನ್ನಿಸಿದರೆ ಇಲ್ಲಿಂದಲೇ ಶುರು ಮಾಡಿ. ಪ್ರತಿ ಕ್ಷೇತ್ರದ ಫಾರಂ 20 ಚುನಾವಣಾ ಅಧಿಕಾರಿಗಳ ವೆಬ್‌ಸೈಟಿನಲ್ಲಿ ಇರುತ್ತದೆ, ಬೂತ್ ಪ್ರಕಾರ ಎಲ್ಲ ಅಭ್ಯರ್ಥಿಗಳ ಅಂಕಿ ಅದರಲ್ಲಿದೆ. ಕೆಲವು ಹಾಳೆ ವಾರೆ ಸ್ಕ್ಯಾನ್ ಆಗಿರುತ್ತವೆ, ಓದಲು ಕಣ್ಣು ನೋಯುತ್ತದೆ. ನಿಮ್ಮ ವರದಿಗಾರರಿಗೆ ಪುರುಸೊತ್ತಿಲ್ಲ ಅಂದರೆ ಹೇಳಿ ಕಳಿಸಿ. ಉಡುಪಿ ಜಿಲ್ಲೆಯ ಐದು ಕ್ಷೇತ್ರದ್ದು ನಾನೂ ನನ್ನ ಹಳೇ ವಿದ್ಯಾರ್ಥಿಗಳೂ ಕೂತು ಟೈಪ್ ಮಾಡಿ ಕೊಡುತ್ತೇವೆ.

ಇಂತಿ,
ಉಡುಪಿಯ ಒಬ್ಬ ನಿವೃತ್ತ ಮಾಷ್ಟ್ರು